ಊಟದ ಅರ್ಧ ಗಂಟೆಯ ಲೆಕ್ಕ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕರುಗಳ ಜಂತುಹುಳು, ಹಸಿರು ಮೇವು ಇಂಥ ವಿಷಯಗಳೇ ಬರುತ್ತವೆ. ಈ ಸಲ ಕೊಟ್ಟಿಗೆಯಿಂದ ಸ್ವಲ್ಪ ಹೊರಗೆ ಬಂದಿದ್ದೇವೆ. ಮಂಡ್ಯ, ರಾಮನಗರ, ತುಮಕೂರು ಕಡೆ ಹಾಲು ಹಾಕುವ ಎಷ್ಟೋ ಮನೆಗಳಲ್ಲಿ ಈಗ ಒಬ್ಬ ಮಗಳೋ ಸೊಸೆಯೋ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ ಬಂದು, ಏಳೂವರೆಗೆ ಕಂಪನಿ ವ್ಯಾನು ಹತ್ತುವವರೂ ಇದ್ದಾರೆ. ಮನೆ ನಡೆಯುವುದು ಅರ್ಧ ಹಾಲಿನ ಬಟವಾಡೆಯಿಂದ, ಇನ್ನರ್ಧ ಅವಳ ಸಂಬಳದಿಂದ.

ಹಾಲಿನ ಲೆಕ್ಕ ನಮಗೆ ಬಾಯಿಪಾಠ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಯಂತ್ರದ ಚೀಟಿಯಲ್ಲಿ ಬಂದ ಅಂಕಿಯೇ ಪಾಸ್‌ಬುಕ್ಕಿಗೂ ಬಂತೋ ಇಲ್ಲವೋ, ಇದನ್ನು ನೋಡದೆ ನಾವು ಮನೆಗೆ ಬರುವುದಿಲ್ಲ. ಒಂದು ಹೊತ್ತಿಗೆ ನೂರು ಮಿಲಿ ಕಡಿಮೆ ಬರೆದರೂ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತೇವೆ. ಆದರೆ ಸೊಸೆ ದುಡಿದ ಗಂಟೆಗಳ ಲೆಕ್ಕ ಕೇಳಿ ನೋಡಿ. ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಅವಳಿಗೂ ಗೊತ್ತಿರುವುದಿಲ್ಲ. ಅದರಲ್ಲೂ ಸೋರಿಹೋಗುವುದು ಊಟದ ಹೊತ್ತು. ‘ಟಾರ್ಗೆಟ್ ಆಗಿಲ್ಲ, ಬೇಗ ತಿಂದು ಬಾ’ ಅಂದರೆ ಹತ್ತು ನಿಮಿಷದಲ್ಲಿ ಡಬ್ಬಿ ಮುಚ್ಚಿ ಮೆಷಿನ್ನಿಗೆ ಕೂರುತ್ತಾಳೆ. ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಈ ಪಾಠ ಆ ಹೊತ್ತಿನ ಬಗ್ಗೆ.

ಕಾಯ್ದೆಯಲ್ಲಿ ಏನಿದೆ

ನಮ್ಮ ದೇಶದ ಕಾರ್ಖಾನೆಗಳಲ್ಲಿ ಕೆಲಸದ ಹೊತ್ತನ್ನು ಬಹುಕಾಲ ಕಟ್ಟಿಹಾಕಿದ್ದು 1948ರ ಕಾರ್ಖಾನೆಗಳ ಕಾಯ್ದೆ. ಈಗ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಆ ವಿಷಯ ಮುಂದೆ ಹೇಳುತ್ತೇವೆ. ಆದರೆ ಗೋಡೆಗಳ ಮೇಲಿರುವ ಪಾಳಿ ಪಟ್ಟಿಗಳೆಲ್ಲ ಹುಟ್ಟಿದ್ದು ಹಳೆಯ ಕಾಯ್ದೆಯಿಂದ. ಆದ್ದರಿಂದ ಮೊದಲು ಅದನ್ನೇ ತಿಳಿಯೋಣ.

ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ. ಇದು ಮೇಲಿನ ಮಿತಿ. ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಅಷ್ಟರೊಳಗೆ ಕಡಿಮೆಯೆಂದರೂ ಅರ್ಧ ಗಂಟೆ ವಿರಾಮ ಕೊಡಬೇಕು (55ನೇ ಕಲಂ). ಕೆಲಸ, ಊಟ, ವಿರಾಮ ಎಲ್ಲ ಸೇರಿ ಒಳಗಿರುವ ಹೊತ್ತು ದಿನಕ್ಕೆ ಹತ್ತೂವರೆ ಗಂಟೆ ದಾಟಬಾರದು. ಐದು ಗಂಟೆಯನ್ನು ಆರಕ್ಕೆ, ಹತ್ತೂವರೆಯನ್ನು ಹನ್ನೆರಡಕ್ಕೆ ಏರಿಸಲು ಮುಖ್ಯ ನಿರೀಕ್ಷಕರ ಲಿಖಿತ ಅನುಮತಿ ಬೇಕಿತ್ತು. ಮಾಲೀಕರೇ ಬಾಯಿಮಾತಿನಲ್ಲಿ ಏರಿಸಿಕೊಳ್ಳುವ ಹಾಗಿರಲಿಲ್ಲ.

ಒಂದು ಉದಾಹರಣೆ. ಬೆಳಿಗ್ಗೆ 9ಕ್ಕೆ ಶುರು. 1ರಿಂದ 1.30 ಊಟ. ಸಂಜೆ 5.30ಕ್ಕೆ ಬಿಡುವುದು. ಊಟಕ್ಕೆ ಮುಂಚೆ ನಾಲ್ಕು ಗಂಟೆ, ಆಮೇಲೆ ನಾಲ್ಕು ಗಂಟೆ, ಒಟ್ಟು ಎಂಟು ಗಂಟೆ ಕೆಲಸ. ಗೇಟಿನೊಳಗೆ ಇದ್ದದ್ದು ಎಂಟೂವರೆ ಗಂಟೆ. ನಡುವಿನ ಆ ಅರ್ಧ ಗಂಟೆ ಕೆಲಸದ ಲೆಕ್ಕಕ್ಕೆ ಸೇರುವುದಿಲ್ಲ. ಇಲ್ಲಿಯೇ ಗಮನವಿಡಿ. ಕೆಲಸದ ಲೆಕ್ಕದಿಂದ ಕಳೆದ ಮೇಲೆ ಆ ಅರ್ಧ ಗಂಟೆ ಕಂಪನಿಯದಲ್ಲ, ಅವಳದು. ಅವಳು ಉಣ್ಣಬಹುದು, ಮನೆಗೆ ಫೋನ್ ಮಾಡಬಹುದು, ಸುಮ್ಮನೆ ಕಾಲು ಚಾಚಿ ಕೂರಬಹುದು. ಕಂಪನಿಗೆ ಅದು ಬೇಕಾದರೆ ಕೆಲಸದ ಲೆಕ್ಕಕ್ಕೆ ಸೇರಿಸಿ ದುಡ್ಡು ಕೊಡಬೇಕು. ಲೆಕ್ಕದಲ್ಲಿ ‘ಊಟ’ ಎಂದು ಕಳೆದು ಕೈಯಲ್ಲಿ ಹೊಲಿಗೆ ಹೊಲಿಸಿಕೊಳ್ಳುವುದು ಹಾಲನ್ನು ಅಳೆದುಕೊಂಡು ಚೀಟಿ ಕೊಡದ ಹಾಗೆ.

ಎಲ್ಲ ಕಡೆಯೂ ಹೀಗೇ ಲೆಕ್ಕ ಅಂತಲ್ಲ. ನರೇಗಾ ಕೆಲಸಕ್ಕೆ ಹೋದವರಿಗೆ ನೆನಪಿರಬಹುದು, ಅಲ್ಲಿ ಒಂದು ಗಂಟೆ ವಿರಾಮವನ್ನೂ ಸೇರಿಸಿಯೇ ಎಂಟು ಗಂಟೆ ಎಂದು ಕೂಲಿ ಗೊತ್ತುಮಾಡಿದ್ದರು. ಕೆರೆ ಹೂಳೆತ್ತುವಾಗ ನೆರಳಿಗೆ ಕೂತ ಹೊತ್ತಿಗೂ ಕೂಲಿ ಇತ್ತು. ಕಾರ್ಖಾನೆಯಲ್ಲಿ ಹಾಗಿಲ್ಲ. ಇಲ್ಲದಿರುವುದರಿಂದಲೇ ಅಲ್ಲಿ ಆ ಅರ್ಧ ಗಂಟೆಯನ್ನು ಇನ್ನಷ್ಟು ಜತನವಾಗಿ ಕಾಯ್ದುಕೊಳ್ಳಬೇಕು.

ಐದು-ಹತ್ತು ನಿಮಿಷದ ಟೀ ಬಿಡುವು ಕೊಟ್ಟಿದ್ದೇವಲ್ಲ, ಊಟಕ್ಕೆ ಇಪ್ಪತ್ತೇ ನಿಮಿಷ ಸಾಕು ಎನ್ನುವ ಮಾತೂ ಕೇಳಿಬರುತ್ತದೆ. ಅದು ನಿಲ್ಲುವುದಿಲ್ಲ. ಕಾಯ್ದೆ ಹೇಳಿದ್ದು ‘ಕನಿಷ್ಠ ಅರ್ಧ ಗಂಟೆ’ಯ ಒಂದು ವಿರಾಮ. ಅದನ್ನು ಚೂರುಚೂರು ಮಾಡಿ ಕೂಡಿಸಿ ತೋರಿಸುವಂತಿಲ್ಲ.

ಹದಿನೈದು ನಿಮಿಷದ ಬೆಲೆ

ಈಗ ಸ್ಲೇಟು ತೆಗೆದುಕೊಳ್ಳಿ, ಅಥವಾ ಪಾಸ್‌ಬುಕ್ಕಿನ ಹಿಂದಿನ ಪುಟ. ಲೆಕ್ಕ ಸುಲಭವಾಗಲಿ ಎಂದು ಸಂಬಳ ತಿಂಗಳಿಗೆ 13,000 ರೂಪಾಯಿ ಎಂದು ಹಿಡಿಯೋಣ. ನಿಮ್ಮ ಮನೆಯವರ ಅಂಕಿಯನ್ನು ನೀವೇ ಹಾಕಿಕೊಳ್ಳಿ.

26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 62 ರೂಪಾಯಿ 50 ಪೈಸೆ. ಮಿತಿ ದಾಟಿದ ದುಡಿಮೆಗೆ ಎರಡರಷ್ಟು ದರ ಕೊಡಬೇಕು, ಅಂದರೆ ಗಂಟೆಗೆ 125 ರೂಪಾಯಿ.

ಸೊಸೆ ದಿನಾ ಊಟದಲ್ಲಿ ಹದಿನೈದು ನಿಮಿಷ ಬಿಟ್ಟುಕೊಡುತ್ತಾಳೆ ಅನ್ನಿ. ಎಂಟು ಗಂಟೆಯ ದಿನ ಎಂಟೂಕಾಲು ಗಂಟೆ ಆಯಿತು. ದಿನದ ಮಿತಿ ಒಂಬತ್ತು ದಾಟಲಿಲ್ಲ, ಆದ್ದರಿಂದ ಮೇಲ್ನೋಟಕ್ಕೆ ತಪ್ಪೇನೂ ಕಾಣುವುದಿಲ್ಲ. ಆದರೆ ಆರು ದಿನ ಕೂಡಿಸಿ. ನಲವತ್ತೊಂಬತ್ತೂವರೆ ಗಂಟೆ! ವಾರದ ಮಿತಿ 48 ದಾಟಿ ಒಂದೂವರೆ ಗಂಟೆ ಓವರ್‌ಟೈಮ್ ಆಯಿತು. ವಾರಕ್ಕೆ 187 ರೂಪಾಯಿ 50 ಪೈಸೆ. 26 ದಿನಕ್ಕೆ ಆರೂವರೆ ಗಂಟೆ, 812 ರೂಪಾಯಿ 50 ಪೈಸೆ. ವರ್ಷಕ್ಕೆ, ರಜೆಗಳನ್ನು ಕಳೆದರೂ, ಒಂಬತ್ತು ಸಾವಿರದ ಹತ್ತಿರ. ಅದರಲ್ಲಿ ಎಷ್ಟು ಮೂಟೆ ಹಿಂಡಿ ಬರುತ್ತದೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅವಳು ಆ ದುಡ್ಡು ಪಡೆದುಕೊಂಡು ಊಟ ಬಿಡಲಿ ಎಂದು ಈ ಲೆಕ್ಕ ಕೊಟ್ಟಿಲ್ಲ. ದಿನದ ಒಟ್ಟು ಗಂಟೆ ಎಷ್ಟೇ ಇರಲಿ, ಐದು ಗಂಟೆಗೊಮ್ಮೆ ವಿರಾಮ ಎಂಬ ನಿಯಮ ಬೇರೆಯೇ ನಿಲ್ಲುತ್ತದೆ. ದುಡ್ಡು ಕೊಟ್ಟೆ ಎಂದು ಅದನ್ನು ಅಳಿಸಲಾಗದು. ಹಸು ಮೇದ ಮೇಲೆ ಮಲಗಿ ಮೆಲುಕು ಹಾಕಲು ಬಿಡದಿದ್ದರೆ ಹಾಲು ಇಳಿಯುತ್ತದೆ ಎಂದು ತಿಳಿದ ನಾವು, ಮನೆಯ ಹೆಣ್ಣುಮಗಳು ನುಂಗಿದ ತುತ್ತು ಇಳಿಯುವ ಮುಂಚೆ ಪೆಡಲು ತುಳಿಯುವುದನ್ನು ‘ಪಾಪ, ಚುರುಕು’ ಎಂದು ಹೊಗಳುವುದು ಸರಿಯಲ್ಲ.

‘ಅವಳೇ ಮಾಡಿದ್ದು’ ಎಂಬ ಮಾತು

ಇದನ್ನು ಕೇಳಿದರೆ ಮೇಲ್ವಿಚಾರಕರು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ‘ನಾವೇನು ಬಲವಂತ ಮಾಡಿದ್ದೇವಾ? ಅವಳೇ ಬಂದು ಕೂತಳು.’ ಈ ಉತ್ತರಕ್ಕೆ 1948ರ ಕಾಯ್ದೆ ಬರೆದವರು ಮೊದಲೇ ಬಾಗಿಲು ಹಾಕಿದ್ದರು. ಗೋಡೆಯ ಮೇಲೆ ಹಾಕಿದ ವೇಳಾಪಟ್ಟಿಗೆ ಹೊರತಾಗಿ ಕೆಲಸಗಾರರನ್ನು ದುಡಿಸಬಾರದು ಎಂದಷ್ಟೇ ಹೇಳಿ ಬಿಡಲಿಲ್ಲ, ದುಡಿಯಲು ಬಿಡಲೂಬಾರದು ಎಂದರು. ವಾರದ ಮಿತಿಯ ಕಲಮಿನಲ್ಲೂ ಹಾಗೆಯೇ, ದಿನದ ಮಿತಿಯ ಕಲಮಿನಲ್ಲೂ ಹಾಗೆಯೇ. ಅಂದರೆ ಅವಳು ತಾನಾಗಿ ಕೂತರೂ ಎಬ್ಬಿಸಿ ಕಳಿಸುವ ಹೊಣೆ ಕಂಪನಿಯದು. ಈ ಇಡೀ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಮಾತು ಇದು. ಟಾರ್ಗೆಟ್ ತಲೆಯ ಮೇಲಿರುವಾಗ ‘ತಾನಾಗಿ’ ಎನ್ನುವುದಕ್ಕೆ ಅರ್ಥವೇನು ಎಂದು ಬರೆದವರಿಗೆ ಗೊತ್ತಿತ್ತು.

ಆ ವೇಳಾಪಟ್ಟಿಯನ್ನು ಕಾರ್ಖಾನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಎಂಬುದೂ ಕಾಯ್ದೆಯ ಮಾತೇ. ಯಾವ ಪಾಳಿ ಎಷ್ಟಕ್ಕೆ ಶುರು, ಊಟ ಎಷ್ಟಕ್ಕೆ, ಬಿಡುವುದು ಎಷ್ಟಕ್ಕೆ ಅದರಲ್ಲಿರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಅದನ್ನು ನಿಂತು ಓದಿದವರು ಕಡಿಮೆ. ಈ ವಾರ ಓದಿ ಬರಲು ಹೇಳಿ.

ನೀರು, ಶೌಚ, ಕೂಸು

ಊಟದ ವಿರಾಮಕ್ಕಿಂತ ಸಣ್ಣದು, ಆದರೆ ಮೈಗೆ ಅದಕ್ಕಿಂತ ದೊಡ್ಡದು ಶೌಚಕ್ಕೆ ಹೋಗುವ ಬಿಡುವು. ಟೋಕನ್ ಕೇಳಬೇಕು, ಸಾಲಿನಲ್ಲಿ ನಿಲ್ಲಬೇಕು, ‘ಈಗ ತಾನೇ ಹೋಗಿದ್ದೆಯಲ್ಲ’ ಎನ್ನಿಸಿಕೊಳ್ಳಬೇಕು ಎಂದು ಎಷ್ಟೋ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಉರಿಮೂತ್ರ, ಮೂತ್ರದ ಸೋಂಕು ಅಂಟಿಕೊಳ್ಳುವುದು ಹೀಗೆ. ಹಸುವಿಗೆ ದಿನಕ್ಕೆ ಇಷ್ಟು ಬಕೆಟ್ ನೀರು ಎಂದು ಇದೇ ಪುಟದಲ್ಲಿ ಬರೆಯುತ್ತೇವೆ. ಮನುಷ್ಯರಿಗೂ ಬರೆಯಬೇಕಾಗಿದೆ. ಕಾರ್ಖಾನೆಗಳ ಕಾಯ್ದೆಯ 19ನೇ ಕಲಂ ಪ್ರಕಾರ, ಕೆಲಸಗಾರರು ಒಳಗಿರುವ ಅಷ್ಟೂ ಹೊತ್ತು ಶೌಚಾಲಯ ಅವರಿಗೆ ಸಿಗುವಂತಿರಬೇಕು. ಊಟದ ಹೊತ್ತಿನಲ್ಲಿ ಮಾತ್ರ ಎಂದು ಅಲ್ಲಿಲ್ಲ. ಶೌಚಕ್ಕೆ ಹೋಗಿಬಂದದ್ದನ್ನು ಊಟದ ಅರ್ಧ ಗಂಟೆಯಲ್ಲಿ ಕಳೆಯುವುದಕ್ಕೂ ಅಲ್ಲಿ ಆಧಾರವಿಲ್ಲ.

ಎಳೆಗೂಸಿನ ತಾಯಿಗೆ ಇನ್ನೂ ಎರಡು ಬಿಡುವು ಇವೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಹೆರಿಗೆಯ ನಂತರ ಕೆಲಸಕ್ಕೆ ಮರಳಿದವಳಿಗೆ, ಮಗುವಿಗೆ ಹದಿನೈದು ತಿಂಗಳು ತುಂಬುವ ತನಕ, ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. ಇದು ಊಟದ ವಿರಾಮದ ಜೊತೆಗೆ, ಅದರ ಬದಲಿಗಲ್ಲ. 2017ರ ತಿದ್ದುಪಡಿಯ ನಂತರ ಐವತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರಲು ಬಿಡಬೇಕು. ಇನ್ನು ನೂರೈವತ್ತಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ತಂದ ಬುತ್ತಿ ಉಣ್ಣಲು ಊಟದ ಕೋಣೆ ಇರಬೇಕು ಎಂದು 1948ರ ಕಾಯ್ದೆಯಲ್ಲಿತ್ತು. ಮೆಟ್ಟಿಲ ಮೇಲೆ ಕೂತು ಉಣ್ಣುವುದು ರೂಢಿಯಾದ ಕಡೆ ಇದನ್ನು ನೆನಪಿಸಬಹುದು.

ಇದು ಯಾರೂ ಸುಮ್ಮನೆ ಕೊಟ್ಟದ್ದಲ್ಲ

ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ನೂರ ನಲವತ್ತು ವರ್ಷಗಳ ಹಿಂದೆ ಸೂರ್ಯ ಹುಟ್ಟುವುದರಿಂದ ಮುಳುಗುವ ತನಕ ಕೆಲಸ. ಭಾನುವಾರವೂ ಇಲ್ಲ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೆಲಸಗಾರರನ್ನು ಸೇರಿಸಿ, ಐದು ಸಾವಿರಕ್ಕೂ ಹೆಚ್ಚು ಜನರ ಸಹಿ ಹಾಕಿಸಿ ಒಂದು ಮನವಿ ಕೊಟ್ಟರು. ಅದರಲ್ಲಿ ಕೇಳಿದ್ದು ದೊಡ್ಡದೇನಲ್ಲ. ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ತಿಂಗಳ ಸಂಬಳ ಮುಂದಿನ ತಿಂಗಳ ಹದಿನೈದರೊಳಗೆ, ಗಾಯವಾದವರಿಗೆ ಪರಿಹಾರ. ಆರು ವರ್ಷ ಕಾಯಬೇಕಾಯಿತು. 1890ರ ಏಪ್ರಿಲ್‌ನಲ್ಲಿ ಹತ್ತು ಸಾವಿರ ಜನರ ಸಭೆ ಸೇರಿತು. ಆ ಕಾಲದಲ್ಲಿ, ಅಷ್ಟು ಜನರ ಮುಂದೆ, ಗಿರಣಿಯ ಇಬ್ಬರು ಹೆಂಗಸರೂ ಎದ್ದು ಮಾತಾಡಿದರು. ಜೂನ್‌ನಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆ ಒಪ್ಪಿದರು. 1891ರ ಕಾಯ್ದೆಯಲ್ಲಿ ನಡುಹಗಲಿನ ಅರ್ಧ ಗಂಟೆ ಬಂತು. ಹೆಂಗಸರ ಕೆಲಸ ದಿನಕ್ಕೆ 11 ಗಂಟೆ ದಾಟಬಾರದು ಎಂದೂ ಬಂತು. ಅದು 9 ಗಂಟೆ, ವಾರಕ್ಕೆ 48 ಎಂದು ಇಳಿಯಲು 1946 ಆಗಬೇಕಾಯಿತು.

ಆ ಇಬ್ಬರ ಮಾತು ಇಂದಿಗೂ ಪಾಳಿ ಪಟ್ಟಿಯಲ್ಲಿ ಇದೆ ಎಂದೇ ನನಗನ್ನಿಸುತ್ತದೆ. ಇರಲಿ, ಮುಂದೆ ಹೋಗೋಣ.

ಈಚೆಗೆ ಬದಲಾದದ್ದು

2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ವಿರಾಮವೂ ಸೇರಿ ದಿನಕ್ಕೆ 12 ಗಂಟೆ ತನಕ ಪಾಳಿ ಇಡಲು, ವಿರಾಮಕ್ಕೆ ಮುಂಚಿನ 5 ಗಂಟೆಯನ್ನು 6ಕ್ಕೆ ಏರಿಸಲು ಅದು ಅವಕಾಶ ಮಾಡಿಕೊಟ್ಟಿತು. ಆದರೆ ವಾರಕ್ಕೆ 48 ಗಂಟೆಯ ಮಿತಿ ಹಾಗೇ ಉಳಿಯಿತು, ಉದ್ದ ಪಾಳಿಗೆ ಕೆಲಸಗಾರರ ಲಿಖಿತ ಒಪ್ಪಿಗೆ ಬೇಕೆಂದೂ ಇತ್ತು. ‘ಈಗ ಕಾನೂನೇ ಹನ್ನೆರಡು ಗಂಟೆ ಮಾಡಿದೆ’ ಎಂದು ಯಾರಾದರೂ ಹೇಳಿದರೆ ಅರ್ಧ ಮಾತು ಹೇಳಿದ್ದಾರೆ ಎಂದರ್ಥ. ಇನ್ನರ್ಧ: ದಿನ ಉದ್ದವಾದರೆ ವಾರದಲ್ಲಿ ದಿನಗಳು ಕಡಿಮೆಯಾಗಬೇಕು.

ಆಮೇಲೆ 2020ರಲ್ಲಿ ಸಂಸತ್ತು ಒಪ್ಪಿದ್ದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು (ಅವುಗಳಲ್ಲಿ ವೇತನದ್ದು 2019ರದು). ಕಾರ್ಖಾನೆಗಳ ಕಾಯ್ದೆಯ ಜಾಗಕ್ಕೆ ಬಂದದ್ದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ. ಅದರಲ್ಲಿ ದಿನಕ್ಕೆ 8 ಗಂಟೆ ಕೆಲಸ, ವಾರಕ್ಕೊಂದು ರಜೆ, ಓವರ್‌ಟೈಮ್‌ಗೆ ಎರಡರಷ್ಟು ದರ, ಓವರ್‌ಟೈಮ್ ಮಾಡಿಸಲು ಕೆಲಸಗಾರರ ಒಪ್ಪಿಗೆ ಇವೆಲ್ಲ ಇವೆ. ವಿರಾಮ ಎಷ್ಟು ಹೊತ್ತು, ಒಳಗಿರುವ ಒಟ್ಟು ಹೊತ್ತು ಎಷ್ಟು ಎಂಬುದನ್ನು ಮಾತ್ರ ಸಂಹಿತೆ ತಾನೇ ಬರೆದಿಲ್ಲ. ಅದನ್ನು ಗೊತ್ತುಮಾಡಲು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಆದ್ದರಿಂದಲೇ ಗೋಡೆಯ ಮೇಲಿನ ಪಟ್ಟಿ ಓದುವುದು ಈಗ ಮೊದಲಿಗಿಂತ ಮುಖ್ಯ. ಪಟ್ಟಿ ಬದಲಾದ ದಿನ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಅಂಗಡಿ, ಬಟ್ಟೆ ಷೋರೂಮುಗಳ ಲೆಕ್ಕ ಬೇರೆ. ಅಲ್ಲಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರಲ್ಲಿ ಐದು ಗಂಟೆಗೊಮ್ಮೆ ಕೊಡಬೇಕಾದ ವಿರಾಮ ಅರ್ಧ ಗಂಟೆಯಲ್ಲ, ಒಂದು ಗಂಟೆ. ಟೌನಿನ ಅಂಗಡಿಗೆ ಹೋಗುವ ಹುಡುಗಿಯರಿಗೆ ಇದು ಗೊತ್ತೇ ಇರುವುದಿಲ್ಲ. ದಿನವಿಡೀ ನಿಂತೇ ಇರುವ ಕಷ್ಟವೂ ಅವರದೇ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಬೇಕೆಂದು ಕಾನೂನು ಮಾಡಿದವು. ಕೇರಳದಲ್ಲಿ ಅದಕ್ಕಾಗಿ ಹೋರಾಡಿದವರು ಜವಳಿ ಅಂಗಡಿಯ ಹೆಣ್ಣುಮಕ್ಕಳೇ.

ನಮ್ಮ ಕೊಟ್ಟಿಗೆಯಲ್ಲಿ

ಬೇರೆಯವರ ಲೆಕ್ಕ ಕೇಳುವ ಮುಂಚೆ ನಮ್ಮದನ್ನೂ ನೋಡಿಕೊಳ್ಳೋಣ. ನಮ್ಮ ಹಾಲನ್ನು ತಂಪು ಮಾಡಿ ಪ್ಯಾಕೆಟ್ ಮಾಡುವ ಡೇರಿಯೂ ಕಾರ್ಖಾನೆಯೇ. ಅಲ್ಲಿ ಗುತ್ತಿಗೆಯ ಮೇಲೆ ಕ್ರೇಟ್ ಹೊರುವವರಿಗೂ ಇದೇ ಊಟದ ಹೊತ್ತು ಸಲ್ಲಬೇಕು. ಇನ್ನು ಎಂಟು-ಹತ್ತು ಹಸು ಕಟ್ಟಿ ಆಳು ಇಟ್ಟುಕೊಂಡಿರುವ ಸಹೋದರಿಯರೂ ನಮ್ಮಲ್ಲಿದ್ದಾರೆ. 1948ರ ಕನಿಷ್ಠ ವೇತನ ಕಾಯ್ದೆ ವ್ಯವಸಾಯ ಎಂದರೇನು ಎಂದು ವಿವರಿಸುವಾಗಲೇ ಹೈನುಗಾರಿಕೆಯ ಹೆಸರು ಹೇಳಿತ್ತು. ಈಗಿನ ವೇತನ ಸಂಹಿತೆಯಂತೂ ಎಲ್ಲ ಬಗೆಯ ಕೆಲಸಕ್ಕೂ ಅನ್ವಯಿಸುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಬಂದು ಹಾಲು ಕರೆದು, ಹುಲ್ಲು ಕೊಯ್ದು, ಮತ್ತೆ ರಾತ್ರಿ ಎಂಟರ ತನಕ ಇರುವ ಆಳಿನ ದಿನವನ್ನು ‘ನಡುವೆ ಸುಮ್ಮನೆ ಕೂತಿರ್ತಾನೆ’ ಎಂದು ತಳ್ಳಿಹಾಕಬೇಡಿ. ಕೂತ ಹೊತ್ತಿನಲ್ಲಿ ಹಸು ಕೂಗಿದರೆ ಏಳಬೇಕಾದವನು ಅವನೇ ಆದರೆ ಅದನ್ನು ಬಿಡುವು ಎನ್ನುವುದು ಕಷ್ಟ. ಮಧ್ಯಾಹ್ನ ಎರಡು-ಮೂರು ಗಂಟೆ ಪೂರಾ ಬಿಟ್ಟು ಮನೆಗೆ ಕಳಿಸಿ, ಆಗ ಅದು ಬಿಡುವು.

ಮಾಡಬೇಕಾದ್ದು

ಮೊದಲು ಒಂದು ನೂರು ಪುಟದ ನೋಟ್‌ಬುಕ್. ಹಾಲಿನ ಪಾಸ್‌ಬುಕ್ಕಿನ ಹಾಗೆಯೇ ದಿನಾಂಕ, ಒಳಗೆ ಹೋದ ಹೊತ್ತು, ಊಟಕ್ಕೆ ಎದ್ದದ್ದು, ಮತ್ತೆ ಕೂತದ್ದು, ಹೊರಗೆ ಬಂದದ್ದು. ವ್ಯಾನಿನಲ್ಲಿ ಕೂತು ಎರಡು ನಿಮಿಷದಲ್ಲಿ ಬರೆಯಬಹುದು. ಅಂದಂದೇ ಬರೆದದ್ದಕ್ಕೆ ಇರುವ ಬೆಲೆ ಆಮೇಲೆ ನೆನಪಿನಿಂದ ಹೇಳಿದ್ದಕ್ಕೆ ಇರುವುದಿಲ್ಲ. ಭಾನುವಾರ ಕರೆಸಿದರೆ ಅದನ್ನೂ ಬರೆಯಬೇಕು. ಹಳೆಯ ಕಾಯ್ದೆಯಲ್ಲಿ ಭಾನುವಾರದ ಬದಲು ಆಚೀಚೆ ಮೂರು ದಿನದೊಳಗೆ ಒಂದು ಪೂರ್ತಿ ರಜೆ ಕೊಡಬೇಕು, ರಜೆಯಿಲ್ಲದೆ ಒಂದೇ ಸಮ ಹತ್ತು ದಿನಕ್ಕಿಂತ ಹೆಚ್ಚು ದುಡಿಸಬಾರದು ಎಂದಿತ್ತು. ತಿಂಗಳ ಕೊನೆಗೆ ನೋಟ್‌ಬುಕ್ಕನ್ನು ವೇತನ ಚೀಟಿಯ ಪಕ್ಕ ಇಟ್ಟು ಅತ್ತೆ-ಸೊಸೆ ಕೂತು ನೋಡಿ. ನಮ್ಮಲ್ಲಿ ಫ್ಯಾಟ್ ಲೆಕ್ಕ ಹಿಡಿಯುವ ಅತ್ತೆಯರಿಗೆ ಇದು ಹೆಚ್ಚಿನದೇನಲ್ಲ.

ಒಬ್ಬಳೇ ಹೋಗಿ ಕೇಳುವುದಕ್ಕಿಂತ ಅದೇ ಲೈನಿನ ನಾಲ್ಕೈದು ಜನ ತಂತಮ್ಮ ನೋಟ್‌ಬುಕ್ ಹಿಡಿದು ಕೇಳುವುದು ಮೇಲು. ಕೆಲಸಗಾರರ ಸಮಿತಿ ಅಥವಾ ಸಂಘ ಇದ್ದರೆ ಅಲ್ಲಿಂದ ಶುರು ಮಾಡಬೇಕು. ಅಲ್ಲಿ ಆಗದಿದ್ದರೆ ಕಾರ್ಖಾನೆಗಳ ವಿಷಯಕ್ಕೆ ರಾಜ್ಯದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಇದೆ, ಅಂಗಡಿಗಳ ವಿಷಯಕ್ಕೆ ಕಾರ್ಮಿಕ ನಿರೀಕ್ಷಕರು. ದೂರು ಕೊಟ್ಟವರು ಯಾರೆಂದು ನಿರೀಕ್ಷಕರು ಹೇಳಬಾರದು, ದೂರಿನ ಮೇಲೆ ಬಂದಿದ್ದೇವೆ ಎಂಬುದನ್ನೂ ಹೇಳಬಾರದು ಎಂದು 1948ರ ಕಾಯ್ದೆಗೆ ಆಮೇಲೆ ಒಂದು ಕಲಂ ಸೇರಿತ್ತು. ಭಯ ಇರುವುದು ಸಹಜ, ಹಾಗಾಗಿ ಇದನ್ನು ಹೇಳುತ್ತಿದ್ದೇವೆ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇದ್ದರೂ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಎಂದು ಕೇಳಿ. ಹೋಗುವಾಗ ಗುರುತಿನ ಚೀಟಿ, ಕಳೆದ ಕೆಲವು ತಿಂಗಳ ವೇತನ ಚೀಟಿ, ಪಾಳಿ ಪಟ್ಟಿಯ ಫೋಟೋ ಮತ್ತು ಆ ನೋಟ್‌ಬುಕ್ ಕೊಂಡೊಯ್ಯಿರಿ.